ಆರೋಗ್ಯ ಮಾರ್ಗಸೂಚಿ: ಯಾವಾಗ ತಿದ್ದಬೇಕು, ಯಾವಾಗ ಹಿಂಪಡೆಯಬೇಕು

ತಾಲ್ಲೂಕು, ಜಿಲ್ಲಾ ಮಟ್ಟದ ಆರೋಗ್ಯಾಧಿಕಾರಿಗಳು, ವೈದ್ಯಕೀಯ ಕಾಲೇಜುಗಳ ಚಿಕಿತ್ಸಾ ಸಮಿತಿಗಳಲ್ಲಿ ಇರುವವರು, ವೈದ್ಯರ ಸಂಘಗಳ ಪದಾಧಿಕಾರಿಗಳು ಪದೇ ಪದೇ ಕೇಳುವ ಪ್ರಶ್ನೆ ಇದು: "ನಮ್ಮ ಮಾರ್ಗಸೂಚಿಗೆ ಐದು ವರ್ಷ ಆಯ್ತು. ಹೊಸದು ಬರೆಯಬೇಕೋ, ಇದ್ದದ್ದನ್ನೇ ತಿದ್ದಬೇಕೋ, ಪೂರ್ತಿ ರದ್ದು ಮಾಡಬೇಕೋ?"

ಇಡೀ ಪುಸ್ತಕದ ಬಗ್ಗೆ ಈ ಪ್ರಶ್ನೆ ಕೇಳಿದರೆ ಉತ್ತರ ಸಿಗುವುದಿಲ್ಲ. ಹಳತಾಗುವುದು ಅದರೊಳಗಿನ ಒಂದೊಂದು ಶಿಫಾರಸು. ಒಂದೇ ಪುಟದಲ್ಲಿ ಇಪ್ಪತ್ತು ವರ್ಷ ಬಾಳುವ ಸಾಲೂ ಇರುತ್ತದೆ, ವರ್ಷದೊಳಗೆ ರೋಗಿಗೆ ತೊಂದರೆ ಕೊಡುವ ಸಾಲೂ ಇರುತ್ತದೆ. ಆದ್ದರಿಂದ ಪ್ರತಿ ಸಾಲಿಗೂ ಕೇಳಬೇಕಾದದ್ದು ಒಂದೇ: ನಾಳೆ ಬೆಳಿಗ್ಗೆ ಒಬ್ಬ ವೈದ್ಯಾಧಿಕಾರಿ ಇದನ್ನು ಅಕ್ಷರಶಃ ಪಾಲಿಸಿದರೆ ಎದುರಿಗೆ ಕೂತ ರೋಗಿಗೆ ಏನಾಗುತ್ತದೆ? ಕೆಳಗಿನ ಹಂತಗಳೆಲ್ಲ ಈ ಪ್ರಶ್ನೆಗೆ ಪ್ರಾಮಾಣಿಕವಾದ ಉತ್ತರ ಹುಡುಕುವ ದಾರಿ.

ಶುರು ಮಾಡುವ ಮುನ್ನ ಕೈಯಲ್ಲಿರಬೇಕಾದವು

ಸಹಿಯಾದ ಮೂಲ ಪ್ರತಿ ಬೇಕು. ಅದರ ನಂತರ ಹೊರಬಿದ್ದ ಎಲ್ಲ ಸುತ್ತೋಲೆ, ತಿದ್ದುಪಡಿ, ಸ್ಪಷ್ಟೀಕರಣಗಳೂ ಬೇಕು. ಮೂರನೇ ಸುತ್ತೋಲೆ ಎರಡನೆಯದನ್ನು ರದ್ದು ಮಾಡಿರುತ್ತದೆ, ಜಾಲತಾಣದಲ್ಲಿ ಮಾತ್ರ ಮೊದಲನೆಯದೇ ಉಳಿದಿರುತ್ತದೆ. ಜಾರಿಯಲ್ಲಿರುವ ಪಠ್ಯ ಯಾವುದು ಎಂದು ಗೊತ್ತಾಗದೆ ತಿದ್ದಲು ಕೂರಬೇಡಿ.

ಮೂಲ ಸಮಿತಿಯ ನಡಾವಳಿಯನ್ನೂ ತರಿಸಿಕೊಳ್ಳಿ. ಯಾವ ಶಿಫಾರಸು ಪುರಾವೆಯ ಮೇಲೆ ನಿಂತಿದೆ, ಯಾವುದು ಆಗ ಬೇರೆ ದಾರಿಯಿಲ್ಲದೆ ತಜ್ಞರ ಅಭಿಪ್ರಾಯದ ಮೇಲೆ ಬರೆದದ್ದು ಎಂಬುದು ಅಲ್ಲಿ ಮಾತ್ರ ಸಿಗುತ್ತದೆ.

ನಾಲ್ಕೈದು ಜನರ ತಂಡ ಸಾಕು. ಆ ರೋಗದ ತಜ್ಞರು ಒಬ್ಬರೋ ಇಬ್ಬರೋ, ಅಧ್ಯಯನಗಳನ್ನು ಹುಡುಕಿ ತೂಗಲು ಬಲ್ಲವರು ಒಬ್ಬರು, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿ ಒಬ್ಬರು, ಔಷಧ ದಾಸ್ತಾನು ನೋಡಿಕೊಳ್ಳುವವರು ಒಬ್ಬರು. ಕೊನೆಯ ಇಬ್ಬರನ್ನು ಕರೆಯದ ಸಮಿತಿಗಳೇ ಹೆಚ್ಚು. ಊರಲ್ಲಿ ಸಿಗದ ಮಾತ್ರೆಯನ್ನು ಶಿಫಾರಸು ಮಾಡುವುದೂ ಅಂಥ ಸಮಿತಿಗಳೇ.

ಇನ್ನೊಂದು ಮುಖ್ಯ ವಿಷಯ ಅಧಿಕಾರ. ಹೊರಡಿಸಿದವರೇ ಹಿಂಪಡೆಯಬೇಕು. ಕ್ಷಯ, ಮಲೇರಿಯಾದಂಥ ರಾಷ್ಟ್ರೀಯ ಕಾರ್ಯಕ್ರಮಗಳ ಶಿಫಾರಸನ್ನು ಜಿಲ್ಲಾ ಸಮಿತಿ ರದ್ದು ಮಾಡಲು ಬರುವುದಿಲ್ಲ. ನಿಮ್ಮ ಆಕ್ಷೇಪವನ್ನು ಪುರಾವೆ ಸಮೇತ ಮೇಲಕ್ಕೆ ಬರೆಯಿರಿ. ನಿಮ್ಮ ಮಟ್ಟದಲ್ಲಿ ಹೊರಬಿದ್ದ ಕೈಪಿಡಿ, ಭಿತ್ತಿಪತ್ರ, ನಮೂನೆಗಳನ್ನು ಮಾತ್ರ ನೀವು ಬದಲಿಸಬಹುದು.

ಹಂತ 1: ಪುಸ್ತಕವನ್ನು ಸಾಲು ಸಾಲಾಗಿ ಬಿಡಿಸಿ

ಒಂದು ರಿಜಿಸ್ಟರ್ ಅಥವಾ ಎಕ್ಸೆಲ್ ಹಾಳೆ ತೆರೆಯಿರಿ. ಪ್ರತಿ ಶಿಫಾರಸಿಗೂ ಒಂದು ಸಾಲು. ಅಂಕಣಗಳು ಇಷ್ಟು: ಕ್ರಮಸಂಖ್ಯೆ, ಶಿಫಾರಸಿನ ಮೂಲ ಪದಗಳು, ಯಾವ ರೋಗಿಗೆ, ಆಧಾರವಾದ ಅಧ್ಯಯನಗಳು, ಪುರಾವೆಯ ಖಚಿತತೆ, ಕೊನೆಯ ಬಾರಿ ಪರಿಶೀಲಿಸಿದ ದಿನಾಂಕ, ಇದನ್ನೇ ನಂಬಿರುವ ಇತರ ಕಾಗದಪತ್ರಗಳು. ಪುರಾವೆಯ ಖಚಿತತೆ ಎಂದರೆ, ಮುಂದೆ ಬರುವ ಅಧ್ಯಯನಗಳು ಈ ತೀರ್ಮಾನವನ್ನು ಬುಡಮೇಲು ಮಾಡುವ ಸಾಧ್ಯತೆ ಎಷ್ಟು ಕಡಿಮೆ ಎಂಬ ಅಂದಾಜು. ಜಗತ್ತಿನಾದ್ಯಂತ ಬಳಕೆಯಲ್ಲಿರುವ ಗ್ರೇಡ್ ಪದ್ಧತಿಯಲ್ಲಿ ಇದಕ್ಕೆ ಹೆಚ್ಚು, ಮಧ್ಯಮ, ಕಡಿಮೆ, ಅತಿ ಕಡಿಮೆ ಎಂಬ ನಾಲ್ಕು ದರ್ಜೆಗಳಿವೆ.

ಹೀಗೆ ಬಿಡಿಸುವುದರ ಲಾಭ ಅತಿಸಾರಕ್ಕೆ ಕುಡಿಸುವ ಓಆರ್‌ಎಸ್ ಉದಾಹರಣೆಯಲ್ಲಿ ಚೆನ್ನಾಗಿ ಕಾಣುತ್ತದೆ. ಹಳೆಯ ಪೊಟ್ಟಣದಲ್ಲಿ 20 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸಿಟ್ರೇಟ್ ಇರುತ್ತಿದ್ದವು. ಒಟ್ಟು 27.9 ಗ್ರಾಂ. 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಗ್ಲೂಕೋಸನ್ನು 13.5 ಗ್ರಾಂಗೆ, ಉಪ್ಪನ್ನು 2.6 ಗ್ರಾಂಗೆ ಇಳಿಸಿತು. ಪೊಟ್ಟಣ 20.5 ಗ್ರಾಂ ಆಯಿತು. ದ್ರಾವಣದ ಸಾಂದ್ರತೆ ಲೀಟರಿಗೆ 311 ಮಿಲಿಆಸ್ಮೋಲ್‌ನಿಂದ 245ಕ್ಕೆ ಇಳಿಯಿತು. ಕಾರಣ ಗಟ್ಟಿಯಾಗಿತ್ತು: ಹೊಸ ದ್ರಾವಣ ಕುಡಿದ ಮಕ್ಕಳಲ್ಲಿ ಡ್ರಿಪ್ ಹಾಕಬೇಕಾದ ಪ್ರಸಂಗ ಸುಮಾರು 33% ಕಡಿಮೆಯಾಗಿತ್ತು. ಎರಡು ವರ್ಷದ ನಂತರ ಝಿಂಕ್ ಸೇರಿತು: ದಿನಕ್ಕೆ 20 ಮಿಲಿಗ್ರಾಂ, ಆರು ತಿಂಗಳೊಳಗಿನ ಕೂಸಿಗೆ 10 ಮಿಲಿಗ್ರಾಂ, 10ರಿಂದ 14 ದಿನ.

ಇಷ್ಟೆಲ್ಲ ಆದರೂ "ಒಂದು ಪೊಟ್ಟಣಕ್ಕೆ ಒಂದು ಲೀಟರ್ ನೀರು", "ಎದೆಹಾಲು ನಿಲ್ಲಿಸಬೇಡಿ" ಎಂಬ ಸಾಲುಗಳು ಕದಲಲಿಲ್ಲ. ತಾಯಂದಿರಿಗೆ ಹೇಳಿಕೊಟ್ಟದ್ದು ಏನೂ ಬದಲಾಗಲಿಲ್ಲ. ಬದಲಾದದ್ದು ಕಾರ್ಖಾನೆಯ ಸೂತ್ರ, ಖರೀದಿ ಪಟ್ಟಿ, ಜೊತೆಗೆ ಸೇರಿದ ಒಂದು ಮಾತ್ರೆ. ಇಡೀ ಅತಿಸಾರ ಕೈಪಿಡಿಯನ್ನು ರದ್ದು ಮಾಡಿ ಹೊಸದಾಗಿ ಬರೆಯಲು ಹೊರಟಿದ್ದರೆ ಒಳ್ಳೆಯ ಸಾಲುಗಳೂ ವರ್ಷಗಟ್ಟಲೆ ಕರಡಿನಲ್ಲೇ ಸಿಕ್ಕಿಹಾಕಿಕೊಳ್ಳುತ್ತಿದ್ದವು.

ಹಂತ 2: ಎಚ್ಚರಿಕೆಯ ಗಂಟೆಗಳನ್ನು ಮೊದಲೇ ನಿಗದಿ ಮಾಡಿ

ವರ್ಷದ ಲೆಕ್ಕ ಇಂಥ ಗಂಟೆಗಳಲ್ಲಿ ಒಂದು ಮಾತ್ರ, ಆದರೆ ಬೇಕಾದದ್ದೇ. 2001ರಲ್ಲಿ ಅಮೆರಿಕದ 17 ಮಾರ್ಗಸೂಚಿಗಳನ್ನು ಪರಿಶೀಲಿಸಿದ ಅಧ್ಯಯನದ ಪ್ರಕಾರ ಅವುಗಳಲ್ಲಿ ಅರ್ಧದಷ್ಟು 5.8 ವರ್ಷಗಳಲ್ಲಿ ಹಳತಾಗಿದ್ದವು. ಮೂರು ವರ್ಷಕ್ಕೊಮ್ಮೆ ಮರುಪರಿಶೀಲಿಸಿ ಎಂಬ ರೂಢಿಗೆ ಅದೇ ಆಧಾರ. 2014ರಲ್ಲಿ ಸ್ಪೇನಿನ ಸಂಶೋಧಕರು ಬಿಡಿ ಬಿಡಿ ಶಿಫಾರಸುಗಳನ್ನೇ ಹಿಡಿದು ನೋಡಿದಾಗ, ಮೂರು ವರ್ಷದ ಹೊತ್ತಿಗೆ ಐದರಲ್ಲಿ ಸುಮಾರು ಒಂದು ಹಳತಾಗಿತ್ತು. ಆದ್ದರಿಂದ ವರ್ಷಕ್ಕೊಮ್ಮೆ ಮೇಲ್ನೋಟದ ಪರಿಶೀಲನೆ, ಮೂರು ವರ್ಷಕ್ಕೊಮ್ಮೆ ಪೂರ್ಣ ಪರಿಶೀಲನೆ ಎಂದು ಇಟ್ಟುಕೊಳ್ಳಿ.

ದಿನಾಂಕಕ್ಕೆ ಕಾಯದೆ ಕೂಡಲೇ ಕೂರಬೇಕಾದ ಸಂದರ್ಭಗಳು ಬೇರೆ:

- ಔಷಧ ಅಥವಾ ಪರೀಕ್ಷೆಯ ಮೇಲೆ ಔಷಧ ನಿಯಂತ್ರಕರ ನಿಷೇಧ, ಸುರಕ್ಷತಾ ಎಚ್ಚರಿಕೆ
- ಆಧಾರವಾಗಿದ್ದ ಅಧ್ಯಯನವನ್ನು ಪತ್ರಿಕೆ ವಾಪಸ್ ಪಡೆದದ್ದು
- ರೋಗಾಣು ಮದ್ದಿಗೆ ಬಗ್ಗದಿರುವುದು
- ದೊಡ್ಡ ಪ್ರಯೋಗವೊಂದರ ಸ್ಪಷ್ಟ ಫಲಿತಾಂಶ, ಅದು ಒಳ್ಳೆಯದಿರಲಿ ಕೆಟ್ಟದಿರಲಿ
- ಶಿಫಾರಸು ಮಾಡಿದ ವಸ್ತು ಸರಬರಾಜಿನಲ್ಲೇ ಇಲ್ಲದಿರುವುದು

ಸಾಧ್ಯವಿದ್ದಲ್ಲೆಲ್ಲ ಗಂಟೆಗೆ ಅಂಕಿ ಕಟ್ಟಿ. ಮಲೇರಿಯಾದವರು ಇದನ್ನು ಚೆನ್ನಾಗಿ ಮಾಡಿದ್ದಾರೆ. ನಿಗದಿತ ಕೇಂದ್ರಗಳಲ್ಲಿ ಮದ್ದಿನ ಪರಿಣಾಮವನ್ನು ಅಳೆಯುತ್ತಿರಬೇಕು, ಚಿಕಿತ್ಸೆ ಸೋಲುವ ಪ್ರಮಾಣ 10% ಮುಟ್ಟಿದರೆ ಮದ್ದು ಬದಲಿಸಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ನಮ್ಮ ಈಶಾನ್ಯ ರಾಜ್ಯಗಳಲ್ಲಿ ಆರ್ಟೆಸುನೇಟ್ ಜೊತೆ ಕೊಡುತ್ತಿದ್ದ ಸಲ್ಫಾಡಾಕ್ಸಿನ್–ಪೈರಿಮೆಥಮಿನ್‌ಗೆ ಪರಾವಲಂಬಿ ಬಗ್ಗದಾದಾಗ, 2013ರ ರಾಷ್ಟ್ರೀಯ ನೀತಿ ಆ ರಾಜ್ಯಗಳಿಗೆ ಮಾತ್ರ ಆರ್ಟೆಮೆಥರ್–ಲ್ಯೂಮೆಫಾಂಟ್ರಿನ್ ಕೊಡಲು ಹೇಳಿತು. ಉಳಿದೆಡೆ ಹಳೆಯದೇ ಮುಂದುವರಿಯಿತು. ಮಿತಿಯನ್ನು ಮೊದಲೇ ಬರೆದಿಟ್ಟರೆ ಸಭೆಯಲ್ಲಿ ವಾದ ಬೆಳೆಯುವುದಿಲ್ಲ. ಅಂಕಿ ಬಂದ ಮೇಲೆ ಮಿತಿ ಹುಡುಕಲು ಹೊರಟರೆ ದೊಡ್ಡ ದನಿಯವರು ಹೇಳಿದ್ದೇ ಮಿತಿಯಾಗುತ್ತದೆ.

ಹಂತ 3: ಹುಡುಕಾಟ ಚಿಕ್ಕದಾಗಿರಲಿ, ಚೊಕ್ಕವಾಗಿರಲಿ

ಪ್ರತಿ ಸಾಲನ್ನೂ ನಾಲ್ಕು ಭಾಗದ ಪ್ರಶ್ನೆಯಾಗಿ ಬರೆಯಿರಿ: ಯಾವ ರೋಗಿ, ಯಾವ ಚಿಕಿತ್ಸೆ, ಯಾವುದಕ್ಕೆ ಹೋಲಿಸಿ, ಯಾವ ಫಲಿತಾಂಶಕ್ಕಾಗಿ. ಫಲಿತಾಂಶ ಎಂದರೆ ರೋಗಿಗೆ ಅರ್ಥವಾಗುವಂಥದ್ದು: ಸಾವು, ಐಸಿಯು, ಅಂಗವೈಕಲ್ಯ, ಆಸ್ಪತ್ರೆಯಲ್ಲಿ ಕಳೆದ ದಿನಗಳು. ಲ್ಯಾಬ್ ವರದಿಯ ಒಂದು ಅಂಕಿ ಇಳಿಯಿತು ಎಂಬುದು ಸಾಲದು.

ಹಿಂದಿನ ಪರಿಶೀಲನೆಯ ದಿನಾಂಕದಿಂದ ಈಚೆಗೆ ಬಂದದ್ದನ್ನು ಮಾತ್ರ ನೋಡಿ. ಮೊದಲು ಕಾಕ್ರೇನ್‌ನಂಥ ವ್ಯವಸ್ಥಿತ ಅವಲೋಕನಗಳು, ಅಂದರೆ ಒಂದು ಪ್ರಶ್ನೆಗೆ ಸಂಬಂಧಿಸಿದ ಎಲ್ಲ ಅಧ್ಯಯನಗಳನ್ನೂ ಹುಡುಕಿ ಒಟ್ಟಿಗೆ ತೂಗಿದ ವರದಿಗಳು. ನಂತರ ದೊಡ್ಡ ಪ್ರಯೋಗಗಳು, ನಂತರ ಸುರಕ್ಷತಾ ಸೂಚನೆಗಳು, ಕೊನೆಗೆ ಇತರ ದೇಶಗಳ ಮಾರ್ಗಸೂಚಿಗಳು. ಕೊನೆಯದನ್ನು ಮೊದಲು ಓದಿದರೆ ನಕಲು ಮಾಡುವ ಆಸೆ ಹುಟ್ಟುತ್ತದೆ.

ಇಲ್ಲಿ ಎಡವುವುದು ಅವಸರದಿಂದ. 2020ರ ಮೇ 22ರಂದು ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಕೋವಿಡ್ ರೋಗಿಗಳಿಗೆ ಹೈಡ್ರಾಕ್ಸಿಕ್ಲೋರೋಕ್ವಿನ್ ಔಷಧ ಅಪಾಯಕಾರಿ ಎನ್ನುವ ಲೇಖನ ಬಂತು. ಮೂರು ದಿನದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಪ್ರಯೋಗದ ಆ ಭಾಗವನ್ನು ತಡೆಹಿಡಿಯಿತು. ಲೇಖನದ ದತ್ತಾಂಶ ಎಲ್ಲಿಂದ ಬಂತು ಎಂದು ಯಾರಿಗೂ ಪರಿಶೀಲಿಸಲು ಆಗಲಿಲ್ಲ. ಜೂನ್ 3ರಂದು ಪ್ರಯೋಗ ಮತ್ತೆ ಶುರುವಾಯಿತು, ಜೂನ್ 4ರಂದು ಲೇಖನವೇ ವಾಪಸಾಯಿತು. ಆ ಔಷಧದಿಂದ ಕೋವಿಡ್ ರೋಗಿಗಳಿಗೆ ಲಾಭವಿಲ್ಲ ಎಂಬುದು ಮುಂದೆ ಸರಿಯಾದ ಪ್ರಯೋಗಗಳಿಂದ ತಿಳಿಯಿತು. ತಡೆಹಿಡಿಯುವುದು ತಪ್ಪಲ್ಲ, ಅದು ರೋಗಿಯ ರಕ್ಷಣೆಯೇ. ಆದರೆ "ತಾತ್ಕಾಲಿಕ ತಡೆ" ಮತ್ತು "ಹಿಂಪಡೆದಿದೆ" ಎಂಬ ಎರಡನ್ನೂ ಬೇರೆ ಬೇರೆ ಪದಗಳಲ್ಲಿ, ಬೇರೆ ಬೇರೆ ನಮೂನೆಯಲ್ಲಿ ಹೊರಡಿಸಿ. ತಾತ್ಕಾಲಿಕ ತಡೆಗೆ ಮುಂದಿನ ಸಭೆಯ ದಿನಾಂಕ ಕಡ್ಡಾಯವಾಗಿ ಇರಲಿ.

ಇನ್ನೂ ವಿಮರ್ಶೆಗೆ ಒಳಪಡದ ಪ್ರಿಪ್ರಿಂಟ್‌ಗಳ ವಿಷಯದಲ್ಲೂ ಇದೇ ಎಚ್ಚರ ಬೇಕು. ಕೋವಿಡ್‌ಗೆ ಐವರ್ಮೆಕ್ಟಿನ್ ಭಾರೀ ಲಾಭಕರ ಎಂದಿದ್ದ ಒಂದು ಪ್ರಿಪ್ರಿಂಟ್ 2021ರ ಜುಲೈನಲ್ಲಿ ತೆಗೆದುಹಾಕಲ್ಪಟ್ಟಿತು. ಅದನ್ನು ಸೇರಿಸಿಕೊಂಡಿದ್ದ ಅವಲೋಕನಗಳ ತೀರ್ಮಾನವೂ ಅಲ್ಲಾಡಿತು. ಅವಲೋಕನ ಓದುವಾಗ ಅದರೊಳಗಿನ ಅಧ್ಯಯನಗಳು ಈಗಲೂ ಊರ್ಜಿತವೇ ಎಂದು ಒಂದೊಂದಾಗಿ ನೋಡಿ.

ಹಂತ 4: ಪ್ರತಿ ಸಾಲಿಗೂ ಐದರಲ್ಲಿ ಒಂದು ತೀರ್ಮಾನ

1. ಹಾಗೆಯೇ ಇರಲಿ. ಹೊಸ ಪರಿಶೀಲನೆಯ ದಿನಾಂಕ ಹಾಕಿ.
2. ಪದ ತಿದ್ದುವುದು. ಅರ್ಥ ಅದೇ, ಭಾಷೆ ಗೊಂದಲ.
3. ಭಾಗಶಃ ಪರಿಷ್ಕರಣೆ. ಪ್ರಮಾಣ, ವಯೋಮಿತಿ, ಅವಧಿ ಬದಲಾವಣೆ.
4. ಇಡೀ ಪುಸ್ತಕವನ್ನು ಹೊಸದಾಗಿ ಬರೆಯುವುದು. ಅರ್ಧಕ್ಕಿಂತ ಹೆಚ್ಚು ಸಾಲುಗಳು 3 ಅಥವಾ 5ಕ್ಕೆ ಬಿದ್ದರೆ ಮಾತ್ರ.
5. ಹಿಂಪಡೆಯುವುದು.

ಐದನೆಯದಕ್ಕೆ ಸಮಿತಿಗಳು ಹಿಂಜರಿಯುತ್ತವೆ. ಅಪಾಯ ಸಾಬೀತಾದರೆ ಹಿಂಪಡೆಯಬೇಕು ಎಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ತೊಡಕಾಗುವುದು "ಲಾಭವಿಲ್ಲ, ದೊಡ್ಡ ಹಾನಿಯೂ ಇಲ್ಲ" ಎಂಬಂಥ ಸಾಲುಗಳಲ್ಲಿ. "ಇದ್ದರೆ ಇರಲಿ ಬಿಡಿ" ಎನ್ನುವುದು ಅಲ್ಲೇ. ಹಾಗೆ ಬಿಟ್ಟ ಸಾಲಿನ ಬೆಲೆ ಏನೆಂದು ತಿಳಿಯಲು, ಕೋವಿಡ್‌ನಿಂದ ಗುಣವಾದವರ ರಕ್ತದ ದ್ರವಭಾಗವನ್ನು ರೋಗಿಗೆ ಕೊಡುವ ಪ್ಲಾಸ್ಮಾ ಚಿಕಿತ್ಸೆಯ ದಿನಾಂಕಗಳನ್ನು ಸಾಲಾಗಿ ಇಟ್ಟು ನೋಡಿ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 39 ಆಸ್ಪತ್ರೆಗಳಲ್ಲಿ 464 ಕೋವಿಡ್ ರೋಗಿಗಳ ಮೇಲೆ ಪ್ಲಾಸಿಡ್ ಎಂಬ ಪ್ರಯೋಗ ನಡೆಸಿತು. ಫಲಿತಾಂಶ 2020ರ ಅಕ್ಟೋಬರ್‌ನಲ್ಲಿ ಪ್ರಕಟವಾಯಿತು. ರೋಗ ಉಲ್ಬಣಿಸಿದವರು ಅಥವಾ ತೀರಿಕೊಂಡವರು ಪ್ಲಾಸ್ಮಾ ಪಡೆದವರಲ್ಲಿ 19%, ಪಡೆಯದವರಲ್ಲಿ 18%. ಅಂದರೆ ಲಾಭ ಕಾಣಲಿಲ್ಲ. ಬ್ರಿಟನ್ನಿನ ರಿಕವರಿ ಪ್ರಯೋಗ 2021ರ ಜನವರಿಯಲ್ಲಿ ರೋಗಿಗಳನ್ನು ಸೇರಿಸಿಕೊಳ್ಳುವುದನ್ನು ನಿಲ್ಲಿಸಿತು. 11,558 ರೋಗಿಗಳು, ಎರಡೂ ಗುಂಪಿನಲ್ಲಿ 28 ದಿನದೊಳಗಿನ ಸಾವು 24%. ನಮ್ಮ ರಾಷ್ಟ್ರೀಯ ಮಾರ್ಗಸೂಚಿಯಿಂದ ಪ್ಲಾಸ್ಮಾ ಹೊರಹೋದದ್ದು 2021ರ ಮೇ 17ರಂದು. ಈ ಏಳು ತಿಂಗಳಲ್ಲೇ ಎರಡನೇ ಅಲೆ ಬಂತು. ಆಕ್ಸಿಜನ್ನಿಗೂ ಹಾಸಿಗೆಗೂ ಅಲೆಯಬೇಕಿದ್ದ ಹೊತ್ತಲ್ಲಿ ಮನೆಯವರು ಪ್ಲಾಸ್ಮಾ ದಾನಿಗಳ ನಂಬರ್ ಹುಡುಕುತ್ತಾ ರಾತ್ರಿಯೆಲ್ಲ ಫೋನ್ ಹಿಡಿದು ಕೂತರು. ಆ ಸಾಲಿಗೆ ಷರತ್ತುಗಳಿದ್ದವು ನಿಜ. ಐಸಿಯು ಬಾಗಿಲಲ್ಲಿ ನಿಂತವರಿಗೆ ಷರತ್ತು ಕಾಣುವುದಿಲ್ಲ, "ಸರ್ಕಾರದ ಪಟ್ಟಿಯಲ್ಲಿದೆ" ಎಂಬುದಷ್ಟೇ ಕಾಣುತ್ತದೆ. ಲಾಭವಿಲ್ಲದ ಸಾಲು ಯಾರಿಗೂ ತೊಂದರೆ ಕೊಡದೆ ಸುಮ್ಮನೆ ಕೂರುವುದಿಲ್ಲ. ಅದು ಹಣ, ಹೊತ್ತು, ರಕ್ತನಿಧಿಯ ಸಿಬ್ಬಂದಿಯ ದುಡಿಮೆ, ಕುಟುಂಬದ ಕೊನೆಯ ಶಕ್ತಿ ಎಲ್ಲವನ್ನೂ ಎಳೆದುಕೊಳ್ಳುತ್ತದೆ. ಹಿಂಪಡೆಯುವ ಕಾರಣಗಳ ಪಟ್ಟಿಯಲ್ಲಿ ಇದನ್ನು ಬರೆದಿಟ್ಟುಕೊಳ್ಳಿ.

ಉಳಿದ ಕಾರಣಗಳು: ಹೊಸ ಶಿಫಾರಸು ಅದರ ಜಾಗ ತುಂಬಿದೆ, ಆಧಾರದ ಅಧ್ಯಯನ ಸುಳ್ಳೆಂದು ತೇಲಿದೆ, ಬರೆದವರಿಗೆ ಮರೆಮಾಚಿದ ಹಿತಾಸಕ್ತಿ ಇತ್ತು, ಪರೀಕ್ಷೆಯೇ ದಾರಿ ತಪ್ಪಿಸುತ್ತಿದೆ. ಕೊನೆಯದಕ್ಕೆ ಕ್ಷಯದ ರಕ್ತ ಪರೀಕ್ಷೆ ಉದಾಹರಣೆ. ರಕ್ತದಲ್ಲಿ ಪ್ರತಿಕಾಯ ನೋಡಿ ಕ್ಷಯ ಹೇಳುವ ಕಿಟ್‌ಗಳನ್ನು ಬಳಸಬೇಡಿ ಎಂದು 2011ರ ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. 2012ರ ಜೂನ್‌ನಲ್ಲಿ ಭಾರತ ಅವುಗಳ ಆಮದು, ತಯಾರಿಕೆ, ಮಾರಾಟವನ್ನೇ ನಿಷೇಧಿಸಿತು. ಕಫ ಪರೀಕ್ಷೆ ಇದ್ದೇ ಇದ್ದದ್ದರಿಂದ ನಿಲ್ಲಿಸುವುದು ಸುಲಭವಾಗಿತ್ತು.

ತಿರುಗಿ ಬದಲಾಗುವುದರಲ್ಲಿ ನಾಚಿಕೆ ಬೇಡ. ಕೋವಿಡ್‌ಗೆ ರೆಮ್‌ಡೆಸಿವಿರ್ ಔಷಧ ಬೇಡವೆಂದು 2020ರ ನವೆಂಬರ್‌ನಲ್ಲಿ ಹೇಳಿದ್ದ ವಿಶ್ವ ಆರೋಗ್ಯ ಸಂಸ್ಥೆ, ರೋಗ ತೀವ್ರವಾಗಿಲ್ಲದಿದ್ದರೂ ಆಸ್ಪತ್ರೆ ಸೇರುವ ಅಪಾಯ ಹೆಚ್ಚಿರುವವರಿಗೆ ಕೊಡಬಹುದು ಎಂದು 2022ರ ಏಪ್ರಿಲ್‌ನಲ್ಲಿ ತಿದ್ದಿಕೊಂಡಿತು. ಹೊಸ ಪುರಾವೆ ಬಂದಂತೆ ಸಾಲು ಸಾಲಾಗಿ ತಿದ್ದುವ ಇಂಥವನ್ನು ಜೀವಂತ ಮಾರ್ಗಸೂಚಿ ಎನ್ನುತ್ತಾರೆ. ಅದಕ್ಕೆ ವರ್ಷವಿಡೀ ದುಡಿಯುವ ತಂಡ ಬೇಕು. ತಂಡವಿಲ್ಲದೆ ಆ ಹೆಸರಿಟ್ಟುಕೊಳ್ಳಬೇಡಿ.

ಹಂತ 5: ತೆಗೆದ ಮೇಲೆ ಉಳಿಯುವ ಖಾಲಿ ಜಾಗ

ಹಿಂಪಡೆಯುವ ನಿರ್ಧಾರಕ್ಕೆ ಸಹಿ ಹಾಕುವ ಮುನ್ನ ಕೇಳಿ: ನಾಳೆಯಿಂದ ಅದೇ ರೋಗಿಗೆ ಏನು ಮಾಡಬೇಕು?

2019ರ ಜೂನ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮಾರ್ಫಿನ್‌ನಂಥ ನೋವು ನಿವಾರಕ ಓಪಿಯಾಯ್ಡ್‌ಗಳಿಗೆ ಸಂಬಂಧಿಸಿದ 2011 ಮತ್ತು 2012ರ ಎರಡು ಮಾರ್ಗಸೂಚಿಗಳನ್ನು ಹಿಂಪಡೆಯಿತು. ಔಷಧ ಕಂಪನಿಯ ಪ್ರಭಾವ ಅವುಗಳಲ್ಲಿದೆ ಎಂದು ಅಮೆರಿಕದ ಇಬ್ಬರು ಸಂಸದರ ವರದಿ ಆರೋಪಿಸಿತ್ತು. ಎರಡನೆಯದು ಮಕ್ಕಳ ದೀರ್ಘಕಾಲದ ನೋವಿನ ಚಿಕಿತ್ಸೆಯದು. ಮಕ್ಕಳಿಗಾಗಿ ಹೊಸದು ಬಂದದ್ದು 2020ರ ಡಿಸೆಂಬರ್‌ನಲ್ಲಿ. ಮಾರ್ಫಿನ್ ಸಿಗುವುದೇ ಕಷ್ಟವಿರುವ ದೇಶಗಳಲ್ಲಿ ಉಪಶಾಮಕ ಚಿಕಿತ್ಸೆ ನೀಡುವವರು ಆ ನಡುವಿನ ಕಾಲಕ್ಕೆ ಆತಂಕಪಟ್ಟದ್ದು ಸಹಜ. ಇಂಥಲ್ಲಿ ಒಂದು ಪುಟದ ಮಧ್ಯಂತರ ಸೂಚನೆಯಾದರೂ ಜೊತೆಗಿರಬೇಕು: ಯಾವ ಸಾಲು ಸಂಶಯಾಸ್ಪದ, ಯಾವುದನ್ನು ಈಗಲೂ ಪಾಲಿಸಬಹುದು.

ನಮ್ಮ ಮಲೆನಾಡಿಗೆ ಹತ್ತಿರದ ಉದಾಹರಣೆ, ಉಣುಗಿನಿಂದ ಹರಡುವ ಮಂಗನ ಕಾಯಿಲೆಯ ಲಸಿಕೆ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ರೋಗಕ್ಕೆ 1990ರಿಂದ ಲಸಿಕೆ ಹಾಕುತ್ತಿದ್ದರು. 6ರಿಂದ 65 ವರ್ಷದವರಿಗೆ ತಿಂಗಳ ಅಂತರದಲ್ಲಿ ಎರಡು ಡೋಸ್, ಆಮೇಲೆ ಬೂಸ್ಟರ್‌ಗಳು. 2005–10ರ ಅಂಕಿಗಳ ಪ್ರಕಾರ ಎರಡು ಡೋಸಿನ ರಕ್ಷಣೆ 62.4%, ಬೂಸ್ಟರ್ ಸೇರಿದರೆ 82.9%. ಬೂಸ್ಟರ್‌ಗೆ ಬರುವವರು ಕಡಿಮೆ, ಮುಂದೆ ಲಸಿಕೆಯ ಪರಿಣಾಮದ ಮೇಲೇ ಪ್ರಶ್ನೆಗಳೆದ್ದವು. 2022ರಲ್ಲಿ ರಾಜ್ಯದಲ್ಲಿ ಅದರ ಬಳಕೆ ನಿಂತಿತು. ಇಂಥ ಸುತ್ತೋಲೆಯಲ್ಲಿ "ಲಸಿಕೆ ನಿಲ್ಲಿಸಿ" ಎಂದಷ್ಟೇ ಇದ್ದರೆ ಆಶಾ ಕಾರ್ಯಕರ್ತೆಯ ಬಳಿ ಉತ್ತರವಿರುವುದಿಲ್ಲ. ಕಾಡಿಗೆ ಹೋಗುವ ಮುನ್ನ ಮೈಗೆ ಉಣುಗು ದೂರವಿಡುವ ಡೆಪಾ ತೈಲ, ಬಂದ ಮೇಲೆ ಬಿಸಿನೀರ ಸ್ನಾನ ಮತ್ತು ಉಣುಗು ನೋಡಿಕೊಳ್ಳುವುದು, ಸತ್ತ ಮಂಗ ಕಂಡರೆ ತಿಳಿಸುವುದು, ಜ್ವರ ಬಂದರೆ ಕೂಡಲೇ ರಕ್ತ ಪರೀಕ್ಷೆ ಎಂಬಿಷ್ಟೂ ಅದೇ ಕಾಗದದಲ್ಲಿ ಇರಬೇಕು. ಈಗಾಗಲೇ ಚುಚ್ಚಿಸಿಕೊಂಡವರೂ ಈ ಎಚ್ಚರ ಬಿಡಬಾರದು ಎಂಬ ಸಾಲು ಸೇರಬೇಕು. ಡಿಸೆಂಬರ್‌ನಿಂದ ಮೇವರೆಗೆ ರೋಗದ ಕಾಲ. ಅದಕ್ಕೆ ಮುಂಚೆಯೇ ಕಾಗದ ಊರು ತಲುಪಬೇಕು.

ಹಂತ 6: ಸಭೆ

ಪ್ರತಿ ಸದಸ್ಯರೂ ಔಷಧ, ಉಪಕರಣ, ಲಸಿಕೆ ಕಂಪನಿಗಳೊಂದಿಗಿನ ನಂಟನ್ನು ಲಿಖಿತವಾಗಿ ಘೋಷಿಸಲಿ. ನಂಟಿದ್ದವರು ಮಾಹಿತಿ ಕೊಡಬಹುದು, ಮತ ಹಾಕುವಾಗ ಹೊರಗಿರಲಿ. ಹಳೆಯ ಶಿಫಾರಸನ್ನು ಬರೆದವರೇ ಅಧ್ಯಕ್ಷರಾಗುವುದು ಬೇಡ. ಭಿನ್ನಮತವನ್ನು ನಡಾವಳಿಯಲ್ಲಿ ಹೆಸರು ಸಮೇತ ದಾಖಲಿಸಿ.

ಹಂತ 7: ಸುತ್ತೋಲೆ ಬರೆಯುವುದು

ಒಂದೇ ಪುಟ. ಈ ನಮೂನೆಯನ್ನು ಬಳಸಿಕೊಳ್ಳಬಹುದು:

"… ದಿನಾಂಕದ … ಮಾರ್ಗಸೂಚಿಯ ಪುಟ …, ಶಿಫಾರಸು ಸಂಖ್ಯೆ … ಅನ್ನು … ದಿನಾಂಕದಿಂದ ಹಿಂಪಡೆಯಲಾಗಿದೆ. ಕಾರಣ: …. ಇದರ ಬದಲು ಮಾಡಬೇಕಾದದ್ದು: …. ಈಗಾಗಲೇ ಈ ಚಿಕಿತ್ಸೆಯಲ್ಲಿರುವವರಿಗೆ: …. ಉಳಿದ ದಾಸ್ತಾನು: …. ಇದೇ ಮಾರ್ಗಸೂಚಿಯ ಉಳಿದ ಶಿಫಾರಸುಗಳು ಜಾರಿಯಲ್ಲಿರುತ್ತವೆ."

"ಈ ಸಂಬಂಧ ಹಿಂದೆ ಹೊರಡಿಸಿದ ಎಲ್ಲ ಸುತ್ತೋಲೆಗಳನ್ನು ರದ್ದುಪಡಿಸಲಾಗಿದೆ" ಎಂಬ ವಾಕ್ಯ ಕಚೇರಿಯಲ್ಲಿ ಸಲೀಸು, ಆಸ್ಪತ್ರೆಯಲ್ಲಿ ಅಪಾಯ. ಗರ್ಭಿಣಿಯರಿಗೆ ಕೊಡಬಾರದು, ಕಿಡ್ನಿ ತೊಂದರೆಯಿದ್ದರೆ ಪ್ರಮಾಣ ಇಳಿಸಿ ಎಂದಿದ್ದ ಹಳೆಯ ಎಚ್ಚರಿಕೆಗಳೂ ಅದರೊಂದಿಗೆ ರದ್ದಾಗಿಬಿಡುತ್ತವೆ. ಯಾವುದು ರದ್ದು ಎಂಬುದನ್ನು ಸಂಖ್ಯೆ ಹಿಡಿದು ಹೇಳಿ.

"ಈಗಾಗಲೇ ಚಿಕಿತ್ಸೆಯಲ್ಲಿರುವವರು" ಎಂಬ ಸಾಲನ್ನು ಖಾಲಿ ಬಿಡಲೇಬೇಡಿ. ಕ್ಷಯಕ್ಕೆ ವಾರಕ್ಕೆ ಮೂರು ದಿನದ ಮಾತ್ರೆ ಹೋಗಿ ದಿನವೂ ನುಂಗುವ ಪದ್ಧತಿ 2017ರ ಅಕ್ಟೋಬರ್‌ನಲ್ಲಿ ದೇಶವ್ಯಾಪಿ ಬಂತು. ಅಂಥ ಬದಲಾವಣೆಯ ದಿನ ಪ್ರತಿ ಕೇಂದ್ರದಲ್ಲೂ ಎರಡನೇ, ನಾಲ್ಕನೇ ತಿಂಗಳಲ್ಲಿರುವ ರೋಗಿಗಳು ಇದ್ದೇ ಇರುತ್ತಾರೆ. ಅವರು ಹಳೆಯದನ್ನೇ ಮುಗಿಸಬೇಕೋ, ಹೊಸದಕ್ಕೆ ಬರಬೇಕೋ ಎಂದು ಕಾಗದ ಹೇಳದಿದ್ದರೆ ಕೇಂದ್ರಕ್ಕೊಂದು ರೀತಿ ನಡೆಯುತ್ತದೆ.

ಹಂತ 8: ಗೋಡೆಯಿಂದ ಇಳಿಸುವುದು

ಜಾಲತಾಣದಿಂದ ಹಳೆಯ ಪಿಡಿಎಫ್ ಅಳಿಸಿಹಾಕಬೇಡಿ. ಅಳಿಸಿದರೂ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಅದು ಓಡಾಡುತ್ತಲೇ ಇರುತ್ತದೆ, ಪರಿಶೀಲಿಸಲು ಹೋದವರಿಗೆ ಮಾತ್ರ ಏನೂ ಸಿಗುವುದಿಲ್ಲ. ಅದೇ ಕೊಂಡಿಯಲ್ಲಿ, ಪ್ರತಿ ಪುಟಕ್ಕೂ ಅಡ್ಡಲಾಗಿ "ಹಿಂಪಡೆಯಲಾಗಿದೆ" ಎಂಬ ಮುದ್ರೆ, ದಿನಾಂಕ, ಹೊಸ ಸುತ್ತೋಲೆಯ ಸಂಖ್ಯೆ ಹಾಕಿ ಇಡಿ. ಇನ್ನು ಮುಂದೆ ಹೊರಡಿಸುವುದರ ಪ್ರತಿ ಪುಟದ ಅಡಿಯಲ್ಲೂ ಆವೃತ್ತಿ ಸಂಖ್ಯೆ ಮತ್ತು "… ದಿನಾಂಕದವರೆಗೆ ಮಾನ್ಯ" ಎಂದು ಮುದ್ರಿಸಿ. ಮೊದಲ ಪುಟದಲ್ಲಿ ಮಾತ್ರ ಇದ್ದರೆ ಸಾಲದು, ಹರಿದಾಡುವುದು ಪ್ರಮಾಣದ ಕೋಷ್ಟಕವಿರುವ ಆ ಒಂದೇ ಪುಟದ ಫೋಟೋ.

ಹಂತ 1ರ ಕೊನೆಯ ಅಂಕಣ ಈಗ ನೆರವಿಗೆ ಬರುತ್ತದೆ: ಭಿತ್ತಿಪತ್ರ, ಆಶಾ ಕೈಪಿಡಿ, ತರಬೇತಿ ಸ್ಲೈಡ್, ಡಿಸ್ಚಾರ್ಜ್ ನಮೂನೆ, ಔಷಧ ಬೇಡಿಕೆಯ ಇಂಡೆಂಟ್ ಪಟ್ಟಿ, ಆಸ್ಪತ್ರೆಯ ಸಾಫ್ಟ್‌ವೇರ್. ಇವುಗಳಲ್ಲಿ ಇಂಡೆಂಟ್ ಪಟ್ಟಿಯೇ ಎಲ್ಲಕ್ಕಿಂತ ಮುಖ್ಯ. ಕಪಾಟಿನಲ್ಲಿ ಮಾತ್ರೆ ಬರುತ್ತಿರುವವರೆಗೂ ಚೀಟಿಯಲ್ಲಿ ಅದು ಬರುತ್ತಲೇ ಇರುತ್ತದೆ. ತಿಂಗಳ ನಂತರ ಕೆಲವು ಕೇಂದ್ರಗಳಿಗೆ ಹೋಗಿ ಔಷಧ ವಿತರಣೆ ರಿಜಿಸ್ಟರಿನ ಕೊನೆಯ ಎರಡು ವಾರದ ಪುಟಗಳನ್ನು ತಿರುವಿ ನೋಡಿ. "ಸುತ್ತೋಲೆ ತಲುಪಿದೆ" ಎಂಬ ಸ್ವೀಕೃತಿಗಿಂತ ಆ ಪುಟಗಳು ನಿಜ ಹೇಳುತ್ತವೆ.

ಹಂತ 9: ಮುಂದಿನ ದಿನಾಂಕ, ಮುಂದಿನ ಹೊಣೆ

ಪ್ರತಿ ಸಾಲಿಗೂ ಮುಂದಿನ ಪರಿಶೀಲನೆಯ ತಿಂಗಳು ಬರೆಯಿರಿ. ಪುರಾವೆ ಗಟ್ಟಿಯಿದ್ದರೆ ಮೂರು ವರ್ಷ, ಕಡಿಮೆಯಿದ್ದರೆ ಅಥವಾ ದೊಡ್ಡ ಪ್ರಯೋಗ ನಡೆಯುತ್ತಿದ್ದರೆ ಆರು ತಿಂಗಳಿಂದ ಒಂದು ವರ್ಷ. ಹೊಣೆಯನ್ನು ವ್ಯಕ್ತಿಯ ಹೆಸರಿಗೆ ಕಟ್ಟದೆ ಹುದ್ದೆಗೆ ಕಟ್ಟಿ. ಸದಸ್ಯ ಕಾರ್ಯದರ್ಶಿ ವರ್ಗವಾಗಿ ಹೋದರೆ ರಿಜಿಸ್ಟರ್ ಅವರ ಲ್ಯಾಪ್‌ಟಾಪಿನಲ್ಲೇ ಉಳಿದುಬಿಡುತ್ತದೆ. ಆದ್ದರಿಂದ ಪ್ರಭಾರ ಹಸ್ತಾಂತರದ ಪಟ್ಟಿಯಲ್ಲಿ ಬೀರುವಿನ ಕೀಲಿ, ದಾಸ್ತಾನು ಪುಸ್ತಕಗಳ ಜೊತೆಗೆ ಈ ರಿಜಿಸ್ಟರನ್ನೂ ಒಂದು ಐಟಂ ಆಗಿ ಸೇರಿಸಿ, ಬಂದವರ ಸಹಿ ಪಡೆಯಿರಿ.